ಎರಡು ಸೈಲೆನ್ಸರ್‌ನ ಯೆಜ್ಡಿಗೆ ಸರಿಯಾದ ಎಮಿಷನ್ ಟೆಸ್ಟ್: ಮೈಸೂರಿನ ಒಂದು ಕೇಂದ್ರದ ವಿಮರ್ಶೆ

ನನ್ನ ಗಾಡಿಯನ್ನು ಮೊದಲು ಫೇಲ್ ಮಾಡಿ ಕಳುಹಿಸಿದ ಎಮಿಷನ್ ಟೆಸ್ಟ್ ಕೇಂದ್ರವೊಂದರ ಪರವಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೇಂದ್ರವಿರುವುದು ಮೈಸೂರಿನ ರಿಂಗ್ ರಸ್ತೆಯಲ್ಲಿ, ಪೆಟ್ರೋಲ್ ಬಂಕೊಂದರ ಕಾಂಪೌಂಡಿಗೆ ಒರಗಿಕೊಂಡಿರುವ ತಗಡಿನ ಕೋಣೆಯಲ್ಲಿ. ಗಾಡಿ 1991ರ ಬೈಕು, ಯೆಜ್ಡಿ ರೋಡ್‌ಕಿಂಗ್. ಹೆಸರು ಹಾಕಬಾರದೆಂದು ಕೇಂದ್ರ ನಡೆಸುವವರೇ ಕೇಳಿಕೊಂಡಿದ್ದಾರೆ. ಊರಿನ ಯೆಜ್ಡಿಗಳೆಲ್ಲ ಒಂದೇ ಶನಿವಾರ ಬಂದು ನಿಂತರೆ ಬಂಕಿನವರು ತಮ್ಮನ್ನು ಜಾಗ ಬಿಡಿಸಿಯಾರು ಎಂಬುದು ಅವರ ಭಯ, ಮತ್ತು ಮೈಸೂರನ್ನು ಬಲ್ಲವರಿಗೆ ಈ ಭಯ ಅತಿಯಾದದ್ದೆಂದು ಅನಿಸುವುದಿಲ್ಲ.

ಏಕೆಂದರೆ ಈ ಗಾಡಿ ಹುಟ್ಟಿದ್ದು ಇದೇ ಊರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಮೊದಲು ಜಾವಾ, ಅನಂತರ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಮುಚ್ಚಲು ಬೇರೆ ಕಾರಣಗಳೂ ಇದ್ದವು, ಆದರೆ ದೇಶದ ಹೊಗೆ ನಿಯಮಗಳು ಬಿಗಿಯಾದ ವರ್ಷವೂ 1996 ಎಂಬುದನ್ನು ಮರೆಯುವಂತಿಲ್ಲ. ರೋಡ್‌ಕಿಂಗ್‌ನ 250 ಸಿಸಿ ಟೂ ಸ್ಟ್ರೋಕ್ ಇಂಜಿನ್‌ಗೆ ಸಿಲಿಂಡರ್ ಒಂದೇ ಇದ್ದರೂ ಹೊಗೆ ಹೊರಹೋಗುವ ದಾರಿ ಎರಡು, ಹಾಗಾಗಿ ಸೈಲೆನ್ಸರ್‌ಗಳೂ ಎರಡು. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಸುಟ್ಟ ಹೊಗೆಯನ್ನು ಹೊರಗೆ ದಬ್ಬುವ ಕೆಲಸವನ್ನು ಒಳಬರುವ ಗಾಳಿ-ಪೆಟ್ರೋಲಿನ ಹೊಸ ಮಿಶ್ರಣವೇ ಮಾಡಬೇಕಾಗುತ್ತದೆ. ಹಾಗೆ ದಬ್ಬುವಾಗ ಆ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ಹೊಗೆಯ ಜೊತೆಗೆ ಆಚೆ ಹೋಗಿಬಿಡುತ್ತದೆ. ಎಷ್ಟೇ ಚೆನ್ನಾಗಿ ಇಟ್ಟುಕೊಂಡ ಗಾಡಿಯಾದರೂ ಈ ಸೋರಿಕೆ ತಪ್ಪಿದ್ದಲ್ಲ.

ಕಾನೂನು ಇದನ್ನು ಒಪ್ಪಿಕೊಂಡೇ ಮಿತಿಗಳನ್ನು ಇಟ್ಟಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದ ಪ್ರಕಾರ 2000ದ ಮಾರ್ಚ್ 31ಕ್ಕೆ ಮುಂಚೆ ತಯಾರಾದ ದ್ವಿಚಕ್ರ ವಾಹನಗಳು ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಕೊಡದೆ ನಿಂತಲ್ಲೇ ಇಂಜಿನ್ ಓಡುವಾಗ) ಶೇ 4.5ರವರೆಗೆ ಕಾರ್ಬನ್ ಮೊನಾಕ್ಸೈಡ್ ಮತ್ತು 9,000 ಪಿಪಿಎಂವರೆಗೆ (ಹತ್ತು ಲಕ್ಷ ಭಾಗಗಳಲ್ಲಿ ಅಷ್ಟು ಭಾಗ) ಹೈಡ್ರೋಕಾರ್ಬನ್, ಅಂದರೆ ಉರಿಯದ ಇಂಧನ, ಉಗುಳಬಹುದು. ಆ ದಿನಾಂಕದ ನಂತರದ ಟೂ ಸ್ಟ್ರೋಕ್‌ಗಳಿಗೆ ಇದು ಶೇ 3.5 ಮತ್ತು 6,000ಕ್ಕೆ ಇಳಿಯಿತು. ಫೋರ್ ಸ್ಟ್ರೋಕ್ ಆಗಿದ್ದರೆ ಹೈಡ್ರೋಕಾರ್ಬನ್ ಮಿತಿ 4,500. ಭಾರತ್ ಸ್ಟೇಜ್ 4 (ಬಿಎಸ್ 4) ಎಂಬ ಈಚಿನ ಹೊಗೆ ಮಾನದಂಡದ ಪೆಟ್ರೋಲ್ ಕಾರಿಗಾದರೋ ಶೇ 0.3 ಮತ್ತು 200 ಪಿಪಿಎಂ. ಅಂದರೆ ನನ್ನ ಗಾಡಿಗೆ ಸಿಕ್ಕಿರುವ ರಿಯಾಯಿತಿ ಸಣ್ಣದೇನಲ್ಲ, ಮತ್ತು ಇಷ್ಟು ಸಡಿಲವಾದ ಮಿತಿಯನ್ನೂ ದಾಟುವ ಗಾಡಿಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಹಳೆಯ ಗಾಡಿಗಳವರು ನಿಯಮವನ್ನು ಬೈಯುವುದನ್ನು ಕೇಳಿ ಕೇಳಿ ಸಾಕಾಗಿರುವುದರಿಂದ ಈ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಈ ಹಿಂದೆ ನಾನು ಹೋಗುತ್ತಿದ್ದ ಕಡೆಗಳಲ್ಲಿ ಈ ಗಾಡಿ ಎಂದೂ ಫೇಲ್ ಆಗಿರಲಿಲ್ಲ. ಒಂದು ಕೇಂದ್ರದಲ್ಲಿ ನಂಬರ್ ಪ್ಲೇಟಿನ ಫೋಟೊ ತೆಗೆದ ಕೂಡಲೇ ಪ್ರಿಂಟರ್ ಸದ್ದು ಮಾಡಲು ಶುರುವಾಗಿರುತ್ತಿತ್ತು. ಮತ್ತೊಂದರಲ್ಲಿ ಯಂತ್ರದ ಕೊಳವೆಯನ್ನೇನೋ ಹಾಕುತ್ತಿದ್ದರು, ಆದರೆ ಎಡಗಡೆಯ ಸೈಲೆನ್ಸರ್‌ಗೆ ಮಾತ್ರ, ಅದೂ ತುದಿಯಲ್ಲಿ ಸಿಕ್ಕಿಸಿದಂತೆ. ಕೊಳವೆ ಕನಿಷ್ಠ 300 ಮಿಲಿಮೀಟರ್ ಒಳಗೆ ಹೋಗಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ: ತುದಿಯಲ್ಲೇ ನಿಂತ ಕೊಳವೆ ಹೊಗೆಯ ಜೊತೆಗೆ ಹೊರಗಿನ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಗಾಳಿ ಬೆರೆತಷ್ಟೂ ಅಂಕಿ ಇಳಿಯುತ್ತದೆ, ಗಾಡಿ ಪಾಸಾಗುತ್ತದೆ. ಮಾಲೀಕನಿಗೆ ಸಂತೋಷ, ಕೇಂದ್ರಕ್ಕೆ ಹಣ, ಆದರೆ ಇಂಜಿನ್‌ನ ಒಳಗೆ ಏನಾಗುತ್ತಿದೆ ಎಂಬುದು ಇಬ್ಬರಿಗೂ ತಿಳಿಯದು. ಯೆಜ್ಡಿಯಲ್ಲಿ ಇನ್ನೂ ಒಂದು ತೊಡಕಿದೆ. ಸೈಲೆನ್ಸರ್‌ನ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಎಂಬ ಭಾಗ ಅಡ್ಡ ಬರುವುದರಿಂದ, ಮನಸ್ಸಿದ್ದರೂ ಕೊಳವೆಯನ್ನು ಬೇಕಾದಷ್ಟು ಆಳಕ್ಕೆ ಇಳಿಸಲಾಗುವುದಿಲ್ಲ.

ರಿಂಗ್ ರಸ್ತೆಯ ಈ ಕೇಂದ್ರದವರು ಈ ತೊಡಕಿಗೆ ತಾವೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ಶಾಖ ತಡೆಯುವ ಎರಡು ರಬ್ಬರ್ ಪೈಪುಗಳನ್ನು ಕವಲಿನಂತಿರುವ ಒಂದು ಕಬ್ಬಿಣದ ಪೈಪಿಗೆ ಸೇರಿಸಿ, ಕ್ಲಿಪ್ ಹಾಕಿ ಬಿಗಿದಿದ್ದಾರೆ. ರಬ್ಬರ್ ತುದಿಗಳನ್ನು ಎರಡೂ ಸೈಲೆನ್ಸರ್‌ಗಳಿಗೆ ತೊಡಿಸಿದರೆ ಹೊಗೆಯೆಲ್ಲ ಒಂದೇ ಪೈಪಿಗೆ ಬರುತ್ತದೆ, ಯಂತ್ರದ ಕೊಳವೆ ಆ ಪೈಪಿನೊಳಗೆ ಮೊಳದುದ್ದ ಇಳಿಯುತ್ತದೆ. ಹೊಗೆ ಹೊರಬರುವ ದಾರಿ ಒಂದಕ್ಕಿಂತ ಹೆಚ್ಚಿದ್ದರೆ ಅವುಗಳನ್ನು ಒಂದೇ ಪೈಪಿಗೆ ಸೇರಿಸಬೇಕು, ಇಲ್ಲವೇ ಪ್ರತಿಯೊಂದನ್ನೂ ಅಳೆದು ಸರಾಸರಿ ತೆಗೆದುಕೊಳ್ಳಬೇಕು ಎಂದು ಪರೀಕ್ಷೆಯ ವಿಧಾನದಲ್ಲೇ ಇದೆ. ಅದನ್ನು ನಿಜವಾಗಿ ಮಾಡುವವರನ್ನು ನಾನು ಕಂಡದ್ದು ಇಲ್ಲಿ ಮಾತ್ರ.

ಕೊಳವೆ ತೊಡಿಸುವ ಮೊದಲೇ ಅವರ ಕೆಲಸ ಆರಂಭವಾಗಿತ್ತು. ನನಗಿಂತ ಮುಂಚೆ ಒಂದು ಹಳೆಯ ಟೂ ಸ್ಟ್ರೋಕ್ ಸ್ಕೂಟರ್ ಬಂದುಹೋಗಿತ್ತು. ಯಂತ್ರ ನಡೆಸುವ ಯುವಕ ಕೊಳವೆಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಪರದೆಯ ಕಡೆ ನೋಡುತ್ತಾ ಸುಮ್ಮನೆ ನಿಂತ. ಹೈಡ್ರೋಕಾರ್ಬನ್ ಅಂಕಿ ನೂರಾರರಿಂದ ನಿಧಾನವಾಗಿ ಇಳಿದು ಎರಡಂಕಿಗೆ ಬರುವವರೆಗೂ ಆತ ನನ್ನ ಗಾಡಿಯನ್ನು ಮುಟ್ಟಲಿಲ್ಲ. ಟೂ ಸ್ಟ್ರೋಕ್ ಹೊಗೆಯ ಎಣ್ಣೆಯಂಶ ಕೊಳವೆಯ ಒಳಗೋಡೆಗೆ ಅಂಟಿಕೊಂಡು ಮುಂದಿನ ಗಾಡಿಯ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಅಳತೆ ನಡೆಯುವುದು ಅವಕೆಂಪು ಕಿರಣವನ್ನು ಹೊಗೆಯ ಮೂಲಕ ಹಾಯಿಸಿ ಯಾವ ಅನಿಲ ಎಷ್ಟು ಕಿರಣವನ್ನು ಹೀರಿಕೊಂಡಿತೆಂದು ನೋಡುವ ಮೂಲಕವಾದ್ದರಿಂದ, ಆ ಹೈಡ್ರೋಕಾರ್ಬನ್ ಯಾರ ಗಾಡಿಯದು ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅನಂತರ ಆತ ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ಎಷ್ಟು ದೂರದಿಂದ ಓಡಿಸ್ಕೊಂಡ್ ಬಂದ್ರಿ?” ಹತ್ತಿರದಿಂದ ಬಂದವರನ್ನು ಬನ್ನೂರು ರಸ್ತೆಯ ಕಡೆಗೆ ಒಂದು ಸುತ್ತು ಹೊಡೆದು ಬರುವಂತೆ ಹೇಳಿ ವಾಪಸು ಕಳುಹಿಸುತ್ತಾನಂತೆ. ಇಂಜಿನ್ ಪೂರ್ತಿ ಬಿಸಿಯಾಗದೆ ಮಾಡಿದ ಐಡ್ಲಿಂಗ್ ಪರೀಕ್ಷೆಗೆ ಬೆಲೆಯಿಲ್ಲ.

ಪರದೆ ಗಿರಾಕಿಯ ಕಡೆಗೇ ತಿರುಗಿದೆ. ಕಂಪ್ಯೂಟರ್‌ಗೆ ಏರಿಸುವ ಮುನ್ನ ಆತ ಒಮ್ಮೆ ಹಾಗೆಯೇ ಅಳೆದು ತೋರಿಸಿದ. ಟೂ ಸ್ಟ್ರೋಕ್‌ನ ಐಡ್ಲಿಂಗ್ ಒಂದೇ ಸಮನಾಗಿರುವುದಿಲ್ಲ, ಒಮ್ಮೆ ಉರಿದರೆ ಒಮ್ಮೆ ಉರಿಯದೆ ಕುಂಟುತ್ತದೆ. ಅದಕ್ಕೆ ತಕ್ಕಂತೆ ಅಂಕಿಗಳೂ ಕುಣಿಯುತ್ತಿದ್ದವು. ಕೊನೆಗೆ ಕಾರ್ಬನ್ ಮೊನಾಕ್ಸೈಡ್ ಶೇ 5.2ರ ಆಸುಪಾಸಿನಲ್ಲೂ ಹೈಡ್ರೋಕಾರ್ಬನ್ 7,400ರ ಸುತ್ತಲೂ ನಿಂತವು. ಆತ ಒಂದು ಹಳೆಯ ರಸೀದಿಯ ಹಿಂಬದಿಯಲ್ಲಿ ಎರಡೂ ಅಂಕಿಗಳನ್ನು ಬರೆದುಕೊಟ್ಟು, ಎರಡನೆಯದರ ಮುಂದೆ ಸರಿ ಗುರುತು ಹಾಕಿ, ಮೊದಲನೆಯದಕ್ಕೆ ಸುತ್ತು ಎಳೆದ. ಆ ಚೀಟಿಗೆ ಹಣ ತೆಗೆದುಕೊಳ್ಳಲಿಲ್ಲ.

ನನ್ನ ಮಟ್ಟಿಗೆ ಈ ಕೇಂದ್ರದ ಬೆಲೆಯೆಲ್ಲ ಆ ಚೀಟಿಯಲ್ಲಿದೆ. ಹೈಡ್ರೋಕಾರ್ಬನ್ ಮಿತಿಯೊಳಗಿದೆ ಎಂದರೆ ಕಿಡಿ ಹೊತ್ತಿಸುವ ಪ್ಲಗ್, ಪಾಯಿಂಟ್, ಕಾಯಿಲ್ ತಮ್ಮ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತಿವೆ. ಕಿಡಿ ತಪ್ಪುತ್ತಿದ್ದರೆ ಉರಿಯದ ಪೆಟ್ರೋಲ್ ಎಲ್ಲ ಆಚೆ ಬಂದು ಮೊದಲು ಏರುವುದು ಆ ಅಂಕಿ. ಕಾರ್ಬನ್ ಮೊನಾಕ್ಸೈಡ್ ಮಾತ್ರ ಹೆಚ್ಚಾಗಿದೆ ಎಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಇಲ್ಲಿ ಹಲವರಿಗಿರುವ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಯೆಜ್ಡಿಯಿಂದ ಬರುವ ನೀಲಿ ಹೊಗೆಗೂ ಈ ಪರೀಕ್ಷೆಯ ಫಲಿತಾಂಶಕ್ಕೂ ನೇರ ಸಂಬಂಧವಿಲ್ಲ. ಆ ಹೊಗೆ ಎಣ್ಣೆಯ ಸೂಕ್ಷ್ಮ ಹನಿಗಳಿಂದಾದದ್ದು, ಅದರ ಬಹುಪಾಲು ಯಂತ್ರದ ಫಿಲ್ಟರ್‌ನಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಹೊಗೆಯನ್ನು ಅಳೆಯುವುದು ಡೀಸೆಲ್ ಗಾಡಿಗಳ ಪರೀಕ್ಷೆಯಲ್ಲಿ. ಅದರ ಯಂತ್ರವೂ ಬೇರೆ, ವಿಧಾನವೂ ಬೇರೆ. ಹೊಗೆ ತುಂಬಿದ ಯೆಜ್ಡಿ ಪಾಸಾಗಬಹುದು, ಹೊಗೆಯೇ ಕಾಣದ ಯೆಜ್ಡಿ ಫೇಲ್ ಆಗಬಹುದು, ಏಕೆಂದರೆ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಚೀಟಿಯನ್ನು ಹಿಡಿದು ಹೋದದ್ದು, ಯಾದವಗಿರಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದವರ ಬಳಿ ಕಲಿತ ಒಬ್ಬ ಹಿರಿಯ ಮೆಕ್ಯಾನಿಕ್‌ರ ಗ್ಯಾರೇಜಿಗೆ. ಕೇಂದ್ರದ ಯುವಕನೇ ಕಳುಹಿಸಿದ್ದ. ಅವರು ಚೀಟಿ ನೋಡಿದವರೇ ಪ್ಲಗ್ ಬಿಚ್ಚಿದರು. ಒಣ ಕಪ್ಪು ಮಸಿ ಹಿಡಿದಿತ್ತು. ಏರ್ ಫಿಲ್ಟರ್ ಎಣ್ಣೆ ಕುಡಿದು ಉಸಿರಾಡದಂತಾಗಿತ್ತು. ಆದರೆ ಅವರು ಹುಡುಕುತ್ತಿದ್ದದ್ದು ಬೇರೆ. ಕಾರ್ಬ್ಯುರೇಟರ್‌ನ ಚೋಕ್ ಪ್ಲಂಜರನ್ನು (ತಣ್ಣನೆಯ ಇಂಜಿನ್ ಚಾಲೂ ಮಾಡುವಾಗ ಹೆಚ್ಚು ಪೆಟ್ರೋಲ್ ಬಿಡುವ ಭಾಗ) ಹೊರಗೆಳೆದು ಅದರ ತಳದ ರಬ್ಬರನ್ನು ಉಗುರಿನಿಂದ ಒತ್ತಿ ತೋರಿಸಿದರು: ಗಟ್ಟಿಯಾಗಿ, ಅಂಚಿನಲ್ಲಿ ಉಂಗುರದಂತೆ ಸವೆದು ಹೋಗಿತ್ತು. ಚೋಕ್ ಬಳಸದಿದ್ದಾಗಲೂ ಆ ಸವೆದ ಅಂಚಿನಿಂದ ಪೆಟ್ರೋಲ್ ಸದಾ ಒಸರುತ್ತಿತ್ತು. “ಇದಿಷ್ಟೇ ಸ್ವಾಮಿ. ಸ್ಕ್ರೂ ತಿರುಗಿಸಿ ತಿರುಗಿಸಿ ಸಾಯ್ತಾರೆ, ಇದನ್ನ ಯಾರೂ ನೋಡಲ್ಲ” ಎಂದರು. ಈಗಿನ ಪೆಟ್ರೋಲ್‌ನಲ್ಲಿರುವ ಶೇ 20ರ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆಂಬುದು ಅವರ ದೂರು. ಎಥನಾಲ್ ಹಳೆಯ ರಬ್ಬರ್ ಮತ್ತು ಗ್ಯಾಸ್ಕೆಟ್‌ಗಳಿಗೆ ಹಿಡಿಸುವುದಿಲ್ಲವೆಂಬುದು ನಿಜ, ಆದರೂ ಮೂವತ್ತು ದಾಟಿದ ರಬ್ಬರಿನ ವಿಷಯದಲ್ಲಿ ವಯಸ್ಸಿನ ಪಾಲೇನೂ ಇಲ್ಲವೆನ್ನಲು ನನಗೆ ಮನಸ್ಸಾಗಲಿಲ್ಲ.

ಎರಡೂ ಸೈಲೆನ್ಸರ್‌ಗಳ ಬ್ಯಾಫಲ್‌ಗಳನ್ನು ಎಳೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರು. ಬೆಳಿಗ್ಗೆ ಬಕೆಟ್ಟಿನ ತಳದಲ್ಲಿ ಕೂತಿದ್ದ ಕರಿಯ ಗಸಿಯನ್ನು ನೋಡಿದರೆ ಈ ಗಾಡಿ ಇಷ್ಟು ದಿನ ಹೇಗೆ ಉಸಿರಾಡುತ್ತಿತ್ತೋ ಎನಿಸುತ್ತಿತ್ತು. ಕ್ಲಚ್ ಕಡೆಯ ಆಯಿಲ್ ಸೀಲನ್ನೂ ಪರೀಕ್ಷಿಸಿದರು, ಏಕೆಂದರೆ ಅದು ಸೋರಿದರೆ ಇಂಜಿನ್ ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ, ನನ್ನದು ಗಟ್ಟಿಯಾಗಿತ್ತು. ಹೊಸ ರಬ್ಬರ್, ಹೊಸ ಫಿಲ್ಟರ್, ಸ್ವಚ್ಛಗೊಳಿಸಿದ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಸಣ್ಣ ರಂಧ್ರ), ಆಮೇಲೆ ಅದಕ್ಕೆ ಬೆರೆಯುವ ಗಾಳಿಯನ್ನು ಹೊಂದಿಸುವ ಏರ್ ಸ್ಕ್ರೂ. ಐಡ್ಲಿಂಗ್ ಪರೀಕ್ಷೆಯಲ್ಲಿ ಮಾತಾಡುವುದು ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ ಮಾತ್ರ, ವೇಗವಾಗಿ ಓಡುವಾಗ ಪೆಟ್ರೋಲ್ ಕೊಡುವ ಮೇನ್ ಜೆಟ್ಟಿಗೆ ಅಲ್ಲಿ ಪಾತ್ರವೇ ಇಲ್ಲ; ಎಮಿಷನ್‌ಗೆಂದು ಮೇನ್ ಜೆಟ್ ಬದಲಿಸುವ ಮೆಕ್ಯಾನಿಕ್‌ಗಳಿಂದ ದೂರವಿರುವುದು ಒಳ್ಳೆಯದು.

ಏರ್ ಸ್ಕ್ರೂ ಅನ್ನು ಇನ್ನಷ್ಟು ಹೊರಕ್ಕೆ ಬಿಟ್ಟು ಅಂಕಿಯನ್ನು ಇನ್ನೂ ಇಳಿಸಬಾರದೇ ಎಂದು ಕೇಳಿದಾಗ ಅವರು ಒಪ್ಪಲಿಲ್ಲ. ನನ್ನ ಗಾಡಿಗೆ ಆಯಿಲ್ ಬರುವುದು ಪೆಟ್ರೋಲ್ ಜೊತೆಯಲ್ಲೇ. ಟ್ಯಾಂಕಿನಲ್ಲಿ ಲೀಟರಿಗೆ 30ರಿಂದ 40 ಮಿಲಿಲೀಟರ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿರುತ್ತೇವೆ, ಹಾಗಾಗಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್‌ಗೆ ಸಿಗುವ ಎಣ್ಣೆಯೂ ಕಡಿಮೆಯಾಗುತ್ತದೆ. ಚಾಮುಂಡಿ ಬೆಟ್ಟದಿಂದ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯುವಾಗ ಇಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಐಡ್ಲಿಂಗ್‌ನಷ್ಟೇ ಬರುತ್ತಿರುತ್ತದೆ. ಮಿಶ್ರಣದಲ್ಲಿ ಪೆಟ್ರೋಲನ್ನು ಅತಿಯಾಗಿ ಕಡಿಮೆ ಮಾಡಿದ ಗಾಡಿಯ ಪಿಸ್ಟನ್ ಸಿಕ್ಕಿಕೊಂಡು ಇಂಜಿನ್ ಸೀಜ್ ಆಗುವುದು ಇಂಥ ಕಡೆ. ಮಿತಿಯೊಳಗೆ ಬಂದಮೇಲೆ ಸ್ಕ್ರೂ ಮುಟ್ಟಬೇಡಿ ಎಂದು ಹೇಳಿ ಅವರು ಟೂಲ್ ಬಾಕ್ಸ್ ಮುಚ್ಚಿದರು.

ಬಂಕಿನ ಕೌಂಟರಿನಲ್ಲಿ ಹೊಗೆ ಕಡಿಮೆ ಮಾಡುತ್ತವೆಂದು ಮಾರುವ ಬಾಟಲಿಗಳ ಬಗ್ಗೆಯೂ ಒಂದು ಮಾತು. ಸವೆದ ರಬ್ಬರನ್ನು ಯಾವ ದ್ರವವೂ ಸರಿಮಾಡುವುದಿಲ್ಲ. ಒಳ್ಳೆಯ ಟೂಟಿ ಆಯಿಲ್‌ಗೆ ಹಣ ಹಾಕುವುದಾದರೆ ಅದಕ್ಕೆ ಅರ್ಥವಿದೆ: ಡಬ್ಬಿಯ ಮೇಲೆ ಜಪಾನಿನ ಗುಣಮಟ್ಟದ ದರ್ಜೆಯಾದ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದಿರುವ ಆಯಿಲ್‌ಗಳಲ್ಲಿ ಕಾಣುವ ಹೊಗೆಯೂ ಸೈಲೆನ್ಸರ್‌ನಲ್ಲಿ ಕೂರುವ ಮಸಿಯೂ ಕಡಿಮೆ. ಆದರೆ ಅದರಿಂದಲೇ ಕಾರ್ಬನ್ ಮೊನಾಕ್ಸೈಡ್ ಅಂಕಿ ಇಳಿಯುತ್ತದೆಂದು ನಿರೀಕ್ಷಿಸಬಾರದು.

ಮತ್ತೆ ಕೇಂದ್ರಕ್ಕೆ ಹೋದಾಗ ಅದೇ ಕ್ರಮ: ಮೊಳೆಗೆ ತೂಗಿದ ಕೊಳವೆ, ಕವಲು ಪೈಪ್, ಕಿಕ್ಕರ್ ಹೊಡೆದು ಬಿಸಿಯಾದ ಇಂಜಿನ್ ಐಡ್ಲಿಂಗ್‌ನಲ್ಲಿ. (ಯೆಜ್ಡಿಯಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ ಎಂಬುದು ಗೊತ್ತಿಲ್ಲದೆ ಸಾಲಿನಲ್ಲಿದ್ದ ಹುಡುಗನೊಬ್ಬ ನನ್ನ ಗಾಡಿಗೆ ಗೇರೇ ಇಲ್ಲವೆಂದು ಸ್ನೇಹಿತನಿಗೆ ವಿವರಿಸುತ್ತಿದ್ದ.) ಈ ಬಾರಿ ಕಾರ್ಬನ್ ಮೊನಾಕ್ಸೈಡ್ ಶೇ 3.1, ಹೈಡ್ರೋಕಾರ್ಬನ್ 6,300. ಪೈಪಿನ ಜೋಡಣೆ ಸೋರಿ ಗಾಳಿ ಬೆರೆತು ಅಂಕಿ ಇಳಿದಿರಬಹುದೇ ಎಂದು ನಾನು ಅನುಮಾನಿಸಿದ್ದಕ್ಕೆ ಯುವಕ ಕವಲಿನ ಸುತ್ತ ಕೈಯಾಡಿಸಿ ನೋಡಲು ಹೇಳಿದ. ಹೊಗೆಯ ಬಿಸಿಯುಸಿರು ಎಲ್ಲೂ ತಾಕಲಿಲ್ಲ. ಆಮ್ಲಜನಕದ ಅಂಕಿ ಹೆಚ್ಚಾಗಿ ಕಾಣುತ್ತಿತ್ತು, ಆದರೆ ಟೂ ಸ್ಟ್ರೋಕ್‌ನಲ್ಲಿ ಹೊಸ ಮಿಶ್ರಣವೇ ಸೋರುವುದರಿಂದ ಅದರ ಜೊತೆಗೆ ಆಮ್ಲಜನಕವೂ ಬರುತ್ತದೆ, ಅಷ್ಟರಿಂದಲೇ ಸೈಲೆನ್ಸರ್ ತೂತಾಗಿದೆ ಎನ್ನುವಂತಿಲ್ಲ ಎಂದೂ ಆತ ವಿವರಿಸಿದ. ಶುಲ್ಕ ಗೋಡೆಯ ಫಲಕದಲ್ಲಿ ಬರೆದಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ.

ದೂರುಗಳೂ ಇವೆ. ನೆರಳಿಲ್ಲ. ಬಿಸಿಯಾದ ಇಂಜಿನ್ ಬೇಕೆನ್ನುವ ಕೇಂದ್ರದಲ್ಲಿ ಸಾಲು ನಿಂತು ಇಂಜಿನ್ ತಣ್ಣಗಾದರೆ ಮತ್ತೆ ಒಂದು ಸುತ್ತು ಹೋಗಬೇಕು, ಸಾಲಿನಲ್ಲಿ ಜಾಗ ಹೋಗುತ್ತದೆ. ಟೋಕನ್ ಕೊಡುವ ಪದ್ಧತಿಯನ್ನು ಅವರು ಇನ್ನೂ ಯೋಚಿಸಿಲ್ಲ. ಕೆಲಸ ಬಲ್ಲವನು ಒಬ್ಬನೇ, ಆತ ಊಟಕ್ಕೆ ಹೋದರೆ ಕೂರುವ ಇನ್ನೊಬ್ಬರಿಗೆ ಕವಲು ಪೈಪ್ ಎಲ್ಲಿದೆ ಎಂಬುದೂ ತಿಳಿಯದು. ಸರ್ವರ್ ನಿಧಾನವಾದರೆ ಅದು ಇವರ ತಪ್ಪಲ್ಲ, ಆದರೆ ಅಂಥ ಹೊತ್ತಿನಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡು ಕಾಯಿರಿ ಎನ್ನುವುದು ಎಮಿಷನ್ ಕೇಂದ್ರದವರ ಬಾಯಲ್ಲಿ ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ.

ಹಳೆಯ ಗಾಡಿಯವರು ಹೊರಡುವ ಮುನ್ನ ಮನೆಯಲ್ಲೇ ನೋಡಿಕೊಳ್ಳಬೇಕಾದ ಸಂಗತಿ ಒಂದಿದೆ. ಪ್ರಮಾಣಪತ್ರ ಈಗ ವಾಹನ್ ಎಂಬ ಸರ್ಕಾರಿ ವಾಹನ ನೋಂದಣಿ ದತ್ತಾಂಶದೊಂದಿಗೆ ಜೋಡಿಕೊಂಡಿರುವುದರಿಂದ ಗಾಡಿಯ ನಂಬರ್ ಅಲ್ಲಿ ಸಿಗಬೇಕು. ಪುಸ್ತಕದ ರೂಪದ ಆರ್‌ಸಿ ಮಾತ್ರ ಇರುವ, ಕೈಬರಹದ ಕಾಲದ ಗಾಡಿಗಳಲ್ಲಿ ಹಲವು ಅಲ್ಲಿ ಸೇರಿಲ್ಲ. ಅಂಥವರು ಮೊದಲು ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ (ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವುದು) ಮಾಡಿಸಿ, ಮೊಬೈಲ್ ಸಂಖ್ಯೆಯನ್ನೂ ಸೇರಿಸಿಕೊಂಡು ಬರುವುದು ಮೇಲು. ಬಿಎಸ್ 4ಕ್ಕಿಂತ ಹಿಂದಿನ ಗಾಡಿಗಳ ಪ್ರಮಾಣಪತ್ರಕ್ಕೆ ಆರು ತಿಂಗಳಷ್ಟೇ ಆಯುಸ್ಸು. ಎಮಿಷನ್ ಪ್ರಮಾಣಪತ್ರವಿಲ್ಲದೆ ವಿಮೆ ನವೀಕರಿಸಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ್ದ ಷರತ್ತನ್ನು 2024ರಲ್ಲಿ ಕೋರ್ಟೇ ಹಿಂತೆಗೆದುಕೊಂಡಿತು, ಆದರೆ ರಸ್ತೆಯಲ್ಲಿ ಪ್ರಮಾಣಪತ್ರ ಇರಲೇಬೇಕು. ಆರ್‌ಸಿ ನವೀಕರಣಕ್ಕೂ ಇದು ಬೇಕು. 20 ವರ್ಷ ದಾಟಿದ ಮೋಟಾರ್ ಸೈಕಲ್‌ಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಿರುವಾಗ, ಅಷ್ಟು ಕೊಟ್ಟು ಉಳಿಸಿಕೊಳ್ಳುವ ಗಾಡಿಯ ಇಂಜಿನ್ ಹೇಗಿದೆ ಎಂದು ಆರು ತಿಂಗಳಿಗೊಮ್ಮೆ ನಿಜವಾದ ಅಂಕಿಯಲ್ಲಿ ತಿಳಿಸುವ ಜಾಗ ಊರಿನ ಆಚೆ ತುದಿಯಲ್ಲಿದ್ದರೂ ಹೋಗಬಹುದು.

ಒಂದೇ ಸೈಲೆನ್ಸರ್‌ನ ಸ್ಕೂಟರ್, ಫೋರ್ ಸ್ಟ್ರೋಕ್ ಬೈಕು ಅಥವಾ ಕಾರು ಇರುವವರು ಇಷ್ಟು ದೂರ ಬರುವ ಅಗತ್ಯವಿಲ್ಲ. ಕೊಳವೆಯನ್ನು ಪೂರ್ತಿ ಒಳಗಿಟ್ಟು ಪರದೆ ತೋರಿಸುವ ಕೇಂದ್ರ ಹತ್ತಿರದಲ್ಲಿದ್ದರೆ ಅಷ್ಟು ಸಾಕು. ಯೆಜ್ಡಿ, ಜಾವಾದವರು ಮಾತ್ರ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ, ಆ ಯುವಕ ಇರುವ ಹೊತ್ತಿಗೆ, ವಾರದ ನಡುವಿನ ದಿನಗಳಲ್ಲಿ ಬರಲಿ.